ಮಿಸೆಸ್ ಹೀಲಿಸ್ ಅವರ ಕುರಿಗಳು

ಪೀಟರ್ ಮೊಲದ ಅಪ್ಪ ಏನಾದ ಎನ್ನುವುದು ಕಥೆ ಶುರುವಾಗುತ್ತಿದ್ದಂತೆಯೇ ಬಂದುಬಿಡುತ್ತದೆ. ಬುಟ್ಟಿ, ಛತ್ರಿ ಹಿಡಿದು ಬ್ರೆಡ್ ತರಲು ಹೊರಟ ಅಮ್ಮ ಮೊಲ ನಾಲ್ಕು ಮರಿಗಳನ್ನೂ ಮುಂದೆ ನಿಲ್ಲಿಸಿಕೊಂಡು ಬುದ್ಧಿ ಹೇಳುತ್ತಾಳೆ. ಎಲ್ಲಿ ಬೇಕಾದರೂ ಆಡಿಕೊಳ್ಳಿ, ಮೆಕ್‌ಗ್ರೆಗರ್ ತೋಟಕ್ಕೆ ಮಾತ್ರ ಹೋಗಬೇಡಿ, ನಿಮ್ಮ ಅಪ್ಪನನ್ನು ಆ ಮನೆಯಾಕೆ ಪೈ ಒಳಗೆ ಹಾಕಿಬಿಟ್ಟಳು ಎನ್ನುತ್ತಾಳೆ. ಮಗಳಿಗೆ ಆಗ ಆರು ವರ್ಷ. ಮಲಗುವ ಹೊತ್ತಿಗೆ ಪುಟ ನೋಡಿಕೊಂಡೇ ಕನ್ನಡ ಮಾಡಿ ಹೇಳುತ್ತಿದ್ದೆ. ಪೈ ಅನ್ನುವುದಕ್ಕೆ ಬಾಯಿಗೆ ಬಂದದ್ದು ಕಡುಬು. ಅವಳು ಹೊದಿಕೆ ಸರಿಸಿ ಎದ್ದು ಕೂತಳು.

"ನಿಜ್ವಾಗ್ಲೂ ಕಡುಬು ಮಾಡ್ಬಿಟ್ರಾ ಅಮ್ಮಾ?"

"ಹೂಂ ಪುಟ್ಟಿ."

"ಆಮೇಲೆ ತಿಂದ್ರಾ?"

"ತಿಂದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಮುಂದೆ ಓದು" ಅಂದಳು.

ಆ ರಾತ್ರಿ ಅವಳು ಮಲಗಿದ ಮೇಲೂ ನಾನು ಆ ಪುಟ್ಟ ಪುಸ್ತಕ ಹಿಡಿದುಕೊಂಡು ಕೂತಿದ್ದೆ. ನಾನಾಗಿದ್ದರೆ ಆ ಸಾಲನ್ನು ಮೆತ್ತಗೆ ಮಾಡುತ್ತಿದ್ದೆ, ಅಪ್ಪ ದೂರದ ಊರಿಗೆ ಹೋಗಿದ್ದಾನೆ ಅಂತಲೋ ಏನೋ ಹೇಳುತ್ತಿದ್ದೆ. ಅದನ್ನು ಬರೆದ ಬಿಯಾಟ್ರಿಕ್ಸ್ ಪಾಟರ್ ಹಾಗೆ ಮಾಡುವವರಲ್ಲ. ಮೊಲಕ್ಕೆ ನೀಲಿ ಕೋಟು ತೊಡಿಸಿದರು, ಆದರೆ ತೋಟದಿಂದ ಓಡುವಾಗ ಕೋಟೂ ಬೂಟೂ ಕಳಚಿ ಬಿದ್ದು ಅದು ನಾಲ್ಕು ಕಾಲಿನ ಮೊಲವಾಗಿಯೇ ಓಡುತ್ತದೆ. ಮನುಷ್ಯರು ಮೊಲ ತಿನ್ನುತ್ತಾರೆ, ಮೊಲಕ್ಕೆ ಅದು ಗೊತ್ತಿದೆ, ಮಕ್ಕಳಿಗೂ ಗೊತ್ತಾಗಲಿ. ಭಾಷೆಯಲ್ಲೂ ಅದೇ ಹಟ. 1909ರಲ್ಲಿ ಬಂದ ಮೊಲದ ಮರಿಗಳ ಕಥೆಯಲ್ಲಿ, ಲೆಟಿಸ್ ಸೊಪ್ಪು ಜಾಸ್ತಿ ತಿಂದರೆ 'ಸೊಪೊರಿಫಿಕ್' ಪರಿಣಾಮವಂತೆ ಎಂದು ಮೊದಲ ಸಾಲಲ್ಲೇ ದೊಡ್ಡವರ ದೊಡ್ಡ ಪದ ತಂದಿಟ್ಟಿದ್ದಾರೆ. ಅದನ್ನು 'ನಿದ್ದೆ ಬರುತ್ತೆ' ಎಂದು ಇಳಿಸಲು ಮನಸ್ಸು ಬರಲಿಲ್ಲ. 'ನಿದ್ರಾಜನಕ' ಅಂದೆ. ಮಾರನೇ ದಿನ ಮಧ್ಯಾಹ್ನ ಮಗಳು ಅಜ್ಜಿಯ ಮುಂದೆ "ಮೊಸರನ್ನ ನಿದ್ರಾಜನಕ" ಎಂದಾಗ, ಮಕ್ಕಳ ಮೇಲೆ ಆಕೆ ಇಟ್ಟಿದ್ದ ನಂಬಿಕೆ ಎಂಥದ್ದು ಅಂತ ತಿಳಿಯಿತು.

ಅಲ್ಲಿಂದ ಆಕೆಯ ಕಥೆಗಳನ್ನು ದಾಟಿ ಜೀವನದ ಬಗ್ಗೆ ಓದತೊಡಗಿದೆ. ಓದಿದಲ್ಲೆಲ್ಲ ಒಂದು ಪ್ರಶ್ನೆ ಎದುರಾಗುತ್ತಿತ್ತು: ಇಪ್ಪತ್ಮೂರು ಪುಟ್ಟ ಪುಸ್ತಕಗಳಿಂದ ಲೋಕಪ್ರಸಿದ್ಧರಾದ ಈ ಹೆಂಗಸು ಮದುವೆಯಾದ ಮೇಲೆ ಬರೆಯುವುದನ್ನು ಹೆಚ್ಚುಕಮ್ಮಿ ಬಿಟ್ಟು ಕುರಿ ಸಾಕಲು ಯಾಕೆ ಹೋದರು? ಪಾಪ, ಪ್ರತಿಭೆ ಬತ್ತಿತು ಅನ್ನುವ ಧ್ವನಿ ಆ ಪ್ರಶ್ನೆಯಲ್ಲೇ ಇರುತ್ತದೆ. ಮಲೆನಾಡಿನ ರೈತರ ಮನೆಯಲ್ಲಿ ಬೆಳೆದ ನನಗೆ ಆ ಧ್ವನಿ ಸೇರಲಿಲ್ಲ. ಕುರಿ ಸಾಕುವುದು ಬರೆಯುವುದಕ್ಕಿಂತ ಕೆಳಗಿನ ಕೆಲಸ ಎಂದು ಯಾರು ಹೇಳಿದರು?

ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಕೆನ್ಸಿಂಗ್ಟನ್ ಕಡೆಯ ಬೋಲ್ಟನ್ ಗಾರ್ಡನ್ಸ್ ಎಂಬ ಬೀದಿಯಲ್ಲಿ. ಅಜ್ಜ ಉತ್ತರ ಇಂಗ್ಲೆಂಡಿನಲ್ಲಿ ಹತ್ತಿ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ನಡೆಸಿ ದುಡ್ಡು ಮಾಡಿದವರು. ಅಪ್ಪ ರೂಪರ್ಟ್ ವಕೀಲಿ ಓದಿಕೊಂಡಿದ್ದರೂ ಮನಸ್ಸೆಲ್ಲ ಕ್ಯಾಮೆರಾದಲ್ಲಿ. ಹುಡುಗಿಯನ್ನು ಶಾಲೆಗೆ ಕಳಿಸಲಿಲ್ಲ. ಮನೆಯ ಮೇಲಿನ ಅಂತಸ್ತಿನ ಕೋಣೆಯಲ್ಲಿ ಗವರ್ನೆಸ್ ಪಾಠ, ಜೊತೆಗೆ ಆರು ವರ್ಷ ಚಿಕ್ಕವನಾದ ತಮ್ಮ ಬರ್ಟ್ರಮ್. ಓರಗೆಯ ಗೆಳತಿಯರಿರಲಿಲ್ಲ. ಇದ್ದದ್ದು ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ, ಹಾವು. ಸತ್ತ ಪ್ರಾಣಿಗಳನ್ನು ಅಕ್ಕ ತಮ್ಮ ಕುದಿಸಿ ಎಲುಬು ಬಿಡಿಸಿ ಜೋಡಿಸಿಟ್ಟುಕೊಂಡು ಚಿತ್ರ ಬರೆಯುತ್ತಿದ್ದರು. ಇದನ್ನು ಓದಿ ಮೊದಲು ಮುಖ ಕಿವುಚಿದವಳೇ, ಆಮೇಲೆ ಪುಸ್ತಕ ತೆರೆದು ಪೀಟರನ ಬೆನ್ನಿನ ಬಾಗು, ಹಿಂಗಾಲಿನ ಗಂಟು ನೋಡಿದೆ. ಕೋಟಿನೊಳಗಿರುವುದು ಎಲುಬು ಎಣಿಸಿ ಬರೆದ ಮೊಲ. ಮುಂದೆ ಆ ಲಂಡನ್ ಮನೆಯನ್ನು ಆಕೆ ತನ್ನ 'ಪ್ರೀತಿಯಿಲ್ಲದ ಹುಟ್ಟುಮನೆ' ಎಂದು ಕರೆದರು. ಆಕೆಯ ಪ್ರೀತಿ ಇದ್ದದ್ದು ಬೇಸಿಗೆಯ ಮೂರು ತಿಂಗಳಲ್ಲಿ. ಮೊದಲು ಸ್ಕಾಟ್ಲೆಂಡಿನ ಡಾಲ್ಗೈಸ್, 1882ರಿಂದ ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್.

ಸುಮಾರು ಹದಿನೈದರಿಂದ ಮೂವತ್ತರವರೆಗೆ ಆಕೆ ತಾನೇ ಕಟ್ಟಿಕೊಂಡ ಗುಪ್ತಲಿಪಿಯಲ್ಲಿ ದಿನಚರಿ ಬರೆದರು. ಅಷ್ಟು ಸಣ್ಣ ಅಕ್ಷರ, ಅಷ್ಟು ಪುಟಗಳು. ಆಕೆ ಸತ್ತು ಹದಿನೈದು ವರ್ಷದ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬ ಅಭಿಮಾನಿ ಒಂದು ಪುಟದಲ್ಲಿದ್ದ ರೋಮನ್ ಹದಿನಾರು ಮತ್ತು 1793 ಎಂಬ ಇಸವಿ ಹಿಡಿದು, ಇದು ಫ್ರಾನ್ಸಿನ ಹದಿನಾರನೇ ಲೂಯಿಯ ತಲೆ ಕಡಿದ ವಿಷಯ ಇರಬೇಕು ಎಂದು ಊಹಿಸಿ ಲಿಪಿಯ ಬೀಗ ತೆಗೆದರು. ಬಿಡಿಸಿದ ಮೇಲೆ ನೋಡಿದರೆ ಮುಚ್ಚಿಡುವಂಥ ಗುಟ್ಟೇನೂ ಹೆಚ್ಚು ಇರಲಿಲ್ಲ. ನೋಡಿದ ಚಿತ್ರಪ್ರದರ್ಶನ, ಕೇಳಿದ ಮಾತು, ಸಾಕಿದ ಪ್ರಾಣಿ, ಮನಸ್ಸಿನ ಬೇಸರ. ತನ್ನದು ಎಂದು ಒಂದು ಕೋಣೆಯ ಬಾಗಿಲೂ ಇಲ್ಲದ ಹುಡುಗಿಗೆ ಆ ಲಿಪಿಯೇ ಬಾಗಿಲಾಗಿತ್ತೇನೋ.

ಈಗ ಅಣಬೆಯ ವಿಷಯ. ನನ್ನ ಮಟ್ಟಿಗೆ ಆಕೆಯ ಬದುಕಿನ ನಡುಗಂಬ ಇದು.

ಮಲೆನಾಡಿನಲ್ಲಿ ಮೊದಲ ಗುಡುಗು ಬಿದ್ದ ಮೇಲೆ ಅಣಬೆ ಏಳುವ ಜಾಗ ಮನೆಯ ಹಿರಿಯರಿಗೆ ಗೊತ್ತಿರುತ್ತದೆ, ಬೇರೆಯವರಿಗೆ ಹೇಳುವುದಿಲ್ಲ. ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಾಡುಗಳಲ್ಲಿ ಅಂಥ ಗುಟ್ಟು ಬಲ್ಲವರು ಚಾರ್ಲ್ಸ್ ಮ್ಯಾಕಿಂಟಾಶ್, ಹಳ್ಳಿಯ ಅಂಚೆಯವರು. ದಿನವೂ ಮೈಲುಗಟ್ಟಲೆ ನಡೆದು ಕಾಗದ ಹಂಚುತ್ತ ಸಸ್ಯಗಳನ್ನು ಕಲಿತವರು. ಅವರು ಅಂಚೆಯಲ್ಲಿ ಮಾದರಿಗಳನ್ನು ಕಳಿಸುತ್ತಿದ್ದರು, ಬಿಯಾಟ್ರಿಕ್ಸ್ ಅವುಗಳ ಬಣ್ಣದ ಚಿತ್ರ ಬರೆದು ಕಳಿಸುತ್ತಿದ್ದರು. ಬುಡ, ಟೊಪ್ಪಿಗೆ, ಕೆಳಗಿನ ಪದರ, ಎಲ್ಲ ಕತ್ತರಿಸಿ ತೋರಿಸಿದ ಚಿತ್ರಗಳು. ಸೂಕ್ಷ್ಮದರ್ಶಕದಡಿ ಇಟ್ಟು ಬೀಜಕಗಳು ಮೊಳೆಯುವುದನ್ನು ದಿನಗಟ್ಟಲೆ ಕಾದು ಬರೆದರು. ರಸಾಯನಶಾಸ್ತ್ರಜ್ಞರಾಗಿದ್ದ ಸೋದರತ್ತೆಯ ಗಂಡ ಸರ್ ಹೆನ್ರಿ ರಾಸ್ಕೊ ಆಕೆಯನ್ನು ಕ್ಯೂ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋದರು. ಅಲ್ಲಿನ ನಿರ್ದೇಶಕ ಥಿಸೆಲ್ಟನ್ ಡೈಯರ್ ಆಕೆಯ ಕೆಲಸವನ್ನು ಸರಿಯಾಗಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕಡೆಗೆ 1897ರ ಏಪ್ರಿಲ್ 1ರಂದು, ಗಿಡ ಪ್ರಾಣಿಗಳನ್ನು ಅಧ್ಯಯನ ಮಾಡುವ ವಿದ್ವಾಂಸರ ಸಂಘವಾದ ಲಿನಿಯನ್ ಸೊಸೈಟಿಯ ಸಭೆಯಲ್ಲಿ, ಅಣಬೆ ಬೀಜಕಗಳ ಮೊಳೆಯುವಿಕೆ ಕುರಿತ ಆಕೆಯ ಪ್ರಬಂಧವನ್ನು ಕ್ಯೂನ ಜಾರ್ಜ್ ಮ್ಯಾಸಿ ಮಂಡಿಸಿದರು. ಬರೆದವರು ಸಭೆಯಲ್ಲಿರಲಿಲ್ಲ. ಹೆಂಗಸರಿಗೆ ಆ ಬಾಗಿಲು ತೆರೆದದ್ದು ಇನ್ನೂ ಏಳೆಂಟು ವರ್ಷದ ಮೇಲೆ. ತಿದ್ದುವುದಿದೆ ಎಂದು ಪ್ರಬಂಧವನ್ನು ಹಿಂದಕ್ಕೆ ಪಡೆದರು, ಅದು ಅಚ್ಚಾಗಲೇ ಇಲ್ಲ, ಇವತ್ತು ಅದರ ಪ್ರತಿಯೂ ಉಳಿದಿಲ್ಲ.

ಉಳಿದದ್ದು ಚಿತ್ರಗಳು. ಆಂಬಲ್‌ಸೈಡ್ ಊರಿನ ಆರ್ಮಿಟ್ ಮ್ಯೂಸಿಯಮ್ಮಿಗೆ ಆಕೆ ಬಿಟ್ಟುಹೋದ ನೂರಾರು ಅಣಬೆ ಚಿತ್ರಗಳಲ್ಲಿ 59ನ್ನು 1967ರಲ್ಲಿ ಡಬ್ಲ್ಯು.ಪಿ.ಕೆ. ಫಿಂಡ್ಲೆ ಎಂಬ ಶಿಲೀಂಧ್ರತಜ್ಞರು ತಮ್ಮ ಕೈಪಿಡಿಗೆ ಬಳಸಿಕೊಂಡರು. ಎಪ್ಪತ್ತು ವರ್ಷ ಕಳೆದ ಮೇಲೂ ಕಾಡಿನಲ್ಲಿ ಅಣಬೆ ಗುರುತಿಸಲು ಆ ಚಿತ್ರ ಸಾಕಾಯಿತು. 1997ರಲ್ಲಿ ಲಿನಿಯನ್ ಸೊಸೈಟಿ, ನಾವು ಆಕೆಯನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡಿತು. ನೂರು ವರ್ಷ ಬೇಕಾಯಿತು ಅಷ್ಟು ಹೇಳಲು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಬಾಗಿಲು ಮುಚ್ಚಿದ್ದರಿಂದಲೇ ನಮಗೆ ಪೀಟರ್ ಸಿಕ್ಕಿದ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪೀಟರ್ ಅಷ್ಟರಲ್ಲಾಗಲೇ ಹುಟ್ಟಿದ್ದ.

ಹಳೆಯ ಗವರ್ನೆಸ್ ಆನಿ ಮೂರ್ ಅವರ ಮಗ ನೋಯೆಲ್, ಐದು ವರ್ಷದವನು, ಹುಷಾರಿಲ್ಲದೆ ಮಲಗಿದ್ದ. 1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನ ಡನ್ಕೆಲ್ಡ್‌ನಿಂದ ಬಿಯಾಟ್ರಿಕ್ಸ್ ಅವನಿಗೊಂದು ಕಾಗದ ಬರೆದರು. ಏನು ಬರೆಯಬೇಕೋ ತೋಚುತ್ತಿಲ್ಲ, ಅದಕ್ಕೆ ನಾಲ್ಕು ಮೊಲಗಳ ಕಥೆ ಹೇಳುತ್ತೇನೆ ಎಂದು ಶುರುಮಾಡಿ ಸಾಲುಗಳ ನಡುವೆ ಚಿತ್ರ ಗೀಚುತ್ತ ಹೋದರು. ಆಕೆ ಸಾಕಿದ್ದ ಮೊಲದ ಹೆಸರೂ ಪೀಟರ್. ಏಳು ವರ್ಷದ ಮೇಲೆ, ಇದನ್ನು ಪುಸ್ತಕ ಮಾಡಬಾರದೇ ಎಂದು ಆನಿ ಹೇಳಿದಾಗ, ಹುಡುಗ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಆಕೆ ಅದನ್ನು ಅವನಿಂದ ಎರವಲು ಪಡೆದು ನಕಲು ಮಾಡಿಕೊಂಡರು.

ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ಮಗುವಿನ ಕೈಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕು, ಬೆಲೆ ಕಡಿಮೆ ಇರಬೇಕು ಎನ್ನುವುದನ್ನು ಆಕೆ ಬಿಟ್ಟುಕೊಡಲಿಲ್ಲ. 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಮಾಡಿಸಿದರು. ಅದು ಖಾಲಿಯಾಗಿ ಇನ್ನೂ 200 ಬೇಕಾಯಿತು. 1902ರ ಅಕ್ಟೋಬರಿನಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಂದಿಗೆ 8,000 ಪ್ರತಿ ತಂದಿತು, ಬೆಲೆ ಒಂದು ಶಿಲಿಂಗ್. ಮುಂದಿನದು ಎಲ್ಲರಿಗೂ ಗೊತ್ತಿದೆ. ವ್ಯವಹಾರದಲ್ಲೂ ಆಕೆ ಗಟ್ಟಿಗಿತ್ತಿ. 1903ರಲ್ಲೇ ಪೀಟರ್ ಗೊಂಬೆಯನ್ನು ತಾನೇ ಹೊಲಿದು ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿದರು.

ವಾರ್ನ್ ಮನೆತನದ ಕಿರಿಯ ಮಗ ನಾರ್ಮನ್ ಆಕೆಯ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದರು. ಎರಡು ತುಂಟ ಇಲಿಗಳ ಕಥೆಗೆ ಗೊಂಬೆಮನೆ ಬೇಕಿತ್ತು. ನಾರ್ಮನ್ ಅಣ್ಣನ ಮಗಳಿಗಾಗಿ ಕಟ್ಟಿಕೊಟ್ಟದ್ದೊಂದು ಇತ್ತು, ಆದರೆ ಅದನ್ನು ನೋಡಲು ಹೋಗಲು ಬಿಯಾಟ್ರಿಕ್ಸ್ ಅವರ ತಾಯಿ ಒಪ್ಪಲಿಲ್ಲ. ಮೂವತ್ತೇಳು ದಾಟಿದ ಮಗಳಿಗೆ! ನಾರ್ಮನ್ ಫೋಟೋ ತೆಗೆದು, ಗೊಂಬೆ ಕೊಂಡು, ಗೊಂಬೆಗಳ ಊಟದ ತಟ್ಟೆಗಳನ್ನೂ ಕೊಂಡು ಕಳಿಸಿದರು. 1905ರ ಜುಲೈ 25ರಂದು ಕಾಗದ ಬರೆದು ಮದುವೆಯಾಗುತ್ತೀರಾ ಎಂದು ಕೇಳಿದರು. ವ್ಯಾಪಾರಸ್ಥರ ಮನೆಗೆ ಹೆಣ್ಣು ಕೊಡುವುದೇ ಎಂದು ಹೆತ್ತವರು ಅಡ್ಡ ನಿಂತರು. ಅವರದೇ ಸಂಪತ್ತು ಬಂದದ್ದು ಬಟ್ಟೆ ವ್ಯಾಪಾರದಿಂದ. ಬಿಯಾಟ್ರಿಕ್ಸ್ ಉಂಗುರ ತೊಟ್ಟರು. ಸರಿಯಾಗಿ ಒಂದು ತಿಂಗಳು, ಆಗಸ್ಟ್ 25ಕ್ಕೆ, ರಕ್ತದ ಕಾಯಿಲೆಯಿಂದ ನಾರ್ಮನ್ ತೀರಿಕೊಂಡರು. ಆಗ ಅವರಿಗೆ 37, ಆಕೆಗೆ 39. ಆಕೆ ವೇಲ್ಸ್‌ನಲ್ಲಿದ್ದರು.

ಅದೇ ವರ್ಷದ ಕೊನೆಗೆ, ಪುಸ್ತಕದ ಗೌರವಧನಕ್ಕೆ ಚಿಕ್ಕಮ್ಮನೊಬ್ಬರು ಬಿಟ್ಟುಹೋದ ಹಣ ಸೇರಿಸಿ, ನಿಯರ್ ಸಾವ್ರೀ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎನ್ನುವ 34 ಎಕರೆಯ ಫಾರ್ಮ್ ಖರೀದಿಸಿದರು.

ಆ ಮನೆ ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಮ್ಯಾಂಚೆಸ್ಟರಿನಲ್ಲಿರುವ ಅಕ್ಕನಿಂದ. ಬೋನೆಸ್ ಊರಿನ ಹತ್ತಿರ ವಿಂಡರ್‌ಮಿಯರ್ ಸರೋವರವನ್ನು ಹಗ್ಗದ ಮೇಲೆ ಎಳೆಯುವ ಫೆರ್ರಿಯಲ್ಲಿ ದಾಟಿ ಏರು ಹತ್ತಬೇಕು. ಮೊದಲು ಸಿಗುವುದು ಫಾರ್ ಸಾವ್ರೀ, ಆಮೇಲೆ ನಿಯರ್ ಸಾವ್ರೀ. ಹತ್ತಿರ ದೂರ ಎಂದು ಅಳೆದದ್ದು ಫೆರ್ರಿಯಿಂದ ಅಲ್ಲವಂತೆ, ಆಚೆ ಬದಿಯ ಹಾಕ್ಸ್‌ಹೆಡ್ ಪೇಟೆಯಿಂದ. ಮಳೆ ಹನಿಯುತ್ತಿತ್ತು. ಕಲ್ಲಿನ ಗೋಡೆಗಳ ಮೇಲೆ ಪಾಚಿ, ಗೇಟಿನ ಬಳಿ ಕೆಸರು, ಒದ್ದೆ ಉಣ್ಣೆಯ ವಾಸನೆ. ತೀರ್ಥಹಳ್ಳಿ ಕಡೆಯ ಜುಲೈ ನೆನಪಾಗಿ ನಾವಿಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ಮನೆಯೊಳಗೆ ಪ್ರತಿ ಕೋಣೆಯಲ್ಲೂ ಪುಟ್ಟ ಪುಸ್ತಕ ಇಟ್ಟಿದ್ದಾರೆ. ಚಿತ್ರ ತೆರೆದು ತಲೆ ಎತ್ತಿದರೆ ಅದೇ ಮೆಟ್ಟಿಲು, ಅದೇ ಒಲೆ, ಅದೇ ಪಾತ್ರೆ ಕಪಾಟು. ಹೊರಗೆ ಟಾಮ್ ಎಂಬ ಬೆಕ್ಕಿನ ಮರಿ ನಡೆದ ಕಾಲುದಾರಿ, ಜೆಮೈಮಾ ಬಾತುಕೋಳಿ ಮೊಟ್ಟೆ ಮುಚ್ಚಿಡಲು ಹೋದ ರೂಬಾರ್ಬ್ ಗಿಡಗಳು. 1906ರಿಂದ 1913ರೊಳಗೆ ಬಂದ ಹನ್ನೆರಡು ಕಥೆಗಳಲ್ಲಿ ಹೆಚ್ಚಿನವು ಈ ಮನೆ, ಈ ಊರು, ಈ ಹೊಲದಿಂದ ಎದ್ದವು. ದುಃಖದಲ್ಲಿ ಕೊಂಡ ಮಣ್ಣಿನಿಂದ ಇಷ್ಟು ಫಸಲು.

ಅಷ್ಟೂ ವರ್ಷ ಆಕೆಗೆ ಅಲ್ಲಿ ಪೂರ್ತಿ ಇರಲು ಆಗಲಿಲ್ಲ. ವಯಸ್ಸಾದ ಅಪ್ಪ ಅಮ್ಮನ ಸೇವೆಗೆ ಲಂಡನ್ನಿಗೆ ಓಡಾಟ. ಫಾರ್ಮನ್ನು ಜಾನ್ ಕ್ಯಾನನ್ ನೋಡಿಕೊಳ್ಳುತ್ತಿದ್ದರು. ಪುಸ್ತಕದ ಹಣ ಬಂದಂತೆ ಅಕ್ಕಪಕ್ಕದ ಹೊಲ ಕೊಳ್ಳುತ್ತ ಹೋದರು, ಆ ಪತ್ರ ವ್ಯವಹಾರಕ್ಕೆ ಹಾಕ್ಸ್‌ಹೆಡ್‌ನ ವಕೀಲ ವಿಲಿಯಮ್ ಹೀಲಿಸ್ ನೆರವಾದರು. 1913ರ ಅಕ್ಟೋಬರ್ 15ರಂದು ಇಬ್ಬರೂ ಮದುವೆಯಾದರು. ಆಕೆಗೆ 47. ಹೆತ್ತವರು ಮತ್ತೆ ಮುನಿದರು. ಆಗ ತಮ್ಮ ಬರ್ಟ್ರಮ್ ಬಾಯಿಬಿಟ್ಟ: ನಾನು ಮದುವೆಯಾಗಿ ಹನ್ನೊಂದು ವರ್ಷವಾಯಿತು, ನಿಮಗೆ ಹೇಳಿರಲಿಲ್ಲ ಅಷ್ಟೆ. ಅಕ್ಕನಿಗೆ ತಮ್ಮ ಕೊಟ್ಟ ಮದುವೆಯ ಉಡುಗೊರೆ ಅದು.

ಇಲ್ಲಿಂದಾಚೆಯ ಮೂವತ್ತು ವರ್ಷವನ್ನೇ ಜನ 'ಬಿಟ್ಟುಬಿಟ್ಟರು' ಎನ್ನುವುದು. ಊರಿನವರಿಗೆ ಆಕೆ ಮಿಸೆಸ್ ಹೀಲಿಸ್. ಹಾಗೆ ಕರೆಸಿಕೊಳ್ಳುವುದೇ ಆಕೆಗೆ ಇಷ್ಟ. ಹರ್ಡ್‌ವಿಕ್ ಉಣ್ಣೆಯ ಒರಟು ಟ್ವೀಡ್ ಬಟ್ಟೆ, ಕಾಲಿಗೆ ಮರದ ಅಟ್ಟೆಯ ಮೆಟ್ಟು, ಮಳೆ ಬಂದರೆ ಹೆಗಲಿಗೆ ಗೋಣಿಚೀಲ. ಗೋಣಿಕೊಪ್ಪೆ ಹೊದ್ದು ಗದ್ದೆಗಿಳಿದ ನನ್ನಜ್ಜಿಯನ್ನು ಕಂಡವಳಿಗೆ ಈ ಚಿತ್ರ ಎಷ್ಟು ಹತ್ತಿರದ್ದು ಎಂದು ಬಿಡಿಸಿ ಹೇಳಬೇಕಿಲ್ಲ. 1918ರ ಸುಗ್ಗಿಯಲ್ಲಿ ಒದ್ದೆ ಸಿವುಡು ಎತ್ತುವಾಗ ಆಕೆಯ ಬೆರಳಿನಿಂದ ಉಂಗುರವೊಂದು ಜಾರಿ ಕಳೆದುಹೋಯಿತು, ಆಮೇಲೆ ಅದೃಷ್ಟಕ್ಕೆ ಸಿಕ್ಕಿತು. ಅದು ನಾರ್ಮನ್ ತೊಡಿಸಿದ ಉಂಗುರ. ಹದಿಮೂರು ವರ್ಷವಾಗಿತ್ತು.

ಹರ್ಡ್‌ವಿಕ್ ಆ ಬೆಟ್ಟಗಳದ್ದೇ ಕುರಿ. ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಮುಖ ಬಿಳಿಯಾಗಿ ಮೈ ಬೂದಿಯಾಗುತ್ತದೆ. ಹಿಮದಲ್ಲೂ ಬದುಕುವ ಗಟ್ಟಿ ಜೀವ. ಉಣ್ಣೆ ನಮ್ಮ ಕಂಬಳಿಯಂತೆ ಚುಚ್ಚುವ ಒರಟು. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಬಿದ್ದು ರೈತರು ಬೇರೆ ತಳಿಗೆ ತಿರುಗುತ್ತಿದ್ದರು. ಆಗ, 1923ರಲ್ಲಿ, ಆಕೆ ಟ್ರೌಟ್‌ಬೆಕ್ ಪಾರ್ಕ್ ಎಂಬ ಭಾರೀ ಕುರಿ ಫಾರ್ಮ್ ಕೊಂಡರು, ಸುಮಾರು 2,000 ಎಕರೆ. ತೇವದ ನೆಲದಲ್ಲಿ ಕುರಿಗಳಿಗೆ ಪಿತ್ತಜನಕಾಂಗದ ಹುಳುವಿನ ಕಾಟ. ರೋಗ ಹಿಡಿತಕ್ಕೆ ತಂದರು, ಟಾಮ್ ಸ್ಟೋರಿ ಎಂಬ ನುರಿತ ಕುರಿಗಾಹಿಯನ್ನು ಕರೆತಂದು ಹಿಲ್ ಟಾಪ್‌ನ ಮಂದೆ ಒಪ್ಪಿಸಿದರು. ಊರೂರಿನ ಕುರಿ ಪ್ರದರ್ಶನಗಳಲ್ಲಿ ಆಕೆಯ ಹೆಣ್ಣುಕುರಿಗಳು ಬಹುಮಾನ ಗೆದ್ದವು, ಕಡೆಗೆ ಆಕೆಯನ್ನೇ ತೀರ್ಪುಗಾರರಾಗಿ ಕರೆದರು. ಕುರಿಯ ತಲೆ, ಕಾಲಿನ ಎಲುಬು, ಉಣ್ಣೆಯ ಬಣ್ಣ ನೋಡಿ ತೀರ್ಪು ಹೇಳುವ ಆ ಕಣ್ಣು ಯಾವುದು? ಕೆನ್ಸಿಂಗ್ಟನ್ನಿನ ಕೋಣೆಯಲ್ಲಿ ಮೊಲದ ಎಲುಬು ಜೋಡಿಸಿದ ಕಣ್ಣು, ಅಣಬೆಯ ಪದರ ಎಣಿಸಿದ ಕಣ್ಣು. ಚಿತ್ರ ಬರೆಯಲು ಕಣ್ಣು ಮಂಜಾಗಿತ್ತು ನಿಜ. ನೋಡುವುದನ್ನು ಆಕೆ ಬಿಟ್ಟ ದಿನವೇ ಇಲ್ಲ.

ಇನ್ನೊಂದು ಮಾತೂ ಇದೆ. ಆಕೆಗೆ ಮೊದಲಿನಿಂದ ಪರಿಚಯವಿದ್ದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲೆ, ಇಂಥ ಬೆಟ್ಟ ಬಯಲುಗಳು ಬಂಗಲೆ ಕಟ್ಟುವವರ ಪಾಲಾಗದೆ ಎಲ್ಲರಿಗೂ ಉಳಿಯಲಿ ಎಂದು 1895ರಲ್ಲಿ ಇನ್ನಿಬ್ಬರೊಂದಿಗೆ ನ್ಯಾಷನಲ್ ಟ್ರಸ್ಟ್ ಕಟ್ಟಿದವರು. ಬಿಯಾಟ್ರಿಕ್ಸ್ ಆ ಮಾತನ್ನು ದುಡ್ಡು ಹಾಕಿ ನಡೆಸಿಕೊಟ್ಟರು. 1927ರಲ್ಲಿ ವಿಂಡರ್‌ಮಿಯರ್ ದಡದ ಒಂದು ತುಂಡು ನೆಲ ಕಟ್ಟಡದ ಪಾಲಾಗುವುದನ್ನು ತಪ್ಪಿಸಲು ಪೀಟರ್ ಚಿತ್ರಗಳ ಪ್ರತಿಗಳನ್ನು ತಾನೇ ಬರೆದು ಅಮೆರಿಕದ ಓದುಗರಿಗೆ ಮಾರಿದರು. 1930ರಲ್ಲಿ ಸುಮಾರು 4,000 ಎಕರೆಯ ಮಂಕ್ ಕಾನಿಸ್ಟನ್ ಎಸ್ಟೇಟ್ ಹೋಳಾಗಿ ಮಾರಾಟವಾಗುವ ಹೊತ್ತಿಗೆ ಇಡಿಯಾಗಿ ಕೊಂಡು, ಅರ್ಧವನ್ನು ಕೊಂಡ ಬೆಲೆಗೇ ಟ್ರಸ್ಟಿಗೆ ಬಿಟ್ಟುಕೊಟ್ಟರು, ಹಲವು ವರ್ಷ ಎರಡೂ ಅರ್ಧಗಳ ಮೇಲ್ವಿಚಾರಣೆ ತಾವೇ ಮಾಡಿದರು. ಸೋರುವ ಮಾಡು, ಬಿದ್ದ ಗೋಡೆ, ಗೇಣಿದಾರರ ತಕರಾರು, ಎಲ್ಲ. ಒಂದು ಶಿಲಿಂಗಿನ ಪುಸ್ತಕ ಕೊಂಡ ತಾಯಂದಿರು ತಮಗೆ ಗೊತ್ತಿಲ್ಲದೆಯೇ ಬೆಟ್ಟ ಕೊಂಡು ಕೊಟ್ಟಿದ್ದರು.

1943ರಲ್ಲಿ ಹರ್ಡ್‌ವಿಕ್ ಕುರಿ ಸಾಕಣೆದಾರರ ಸಂಘ ಆಕೆಯನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಕುರ್ಚಿಗೆ ಅದುವರೆಗೆ ಹೆಂಗಸರು ಬಂದಿರಲಿಲ್ಲ. ಲಿನಿಯನ್ ಸೊಸೈಟಿಯ ಸಭೆಗೆ ಕಾಲಿಡಲಾಗದ ಹೆಣ್ಣನ್ನು ಕೆಸರು ಬೂಟಿನ ಗಂಡಸರು ತಮ್ಮ ಮುಂದಿನ ಅಧ್ಯಕ್ಷೆ ಎಂದು ಕರೆದರು ಎನ್ನುವುದು ನನಗೆ ಆಕೆಯ ಎಲ್ಲ ಪುಸ್ತಕಗಳ ಮಾರಾಟಕ್ಕಿಂತ ದೊಡ್ಡದು. ಅಧಿಕಾರ ವಹಿಸಿಕೊಳ್ಳುವ ಮೊದಲೇ, ಡಿಸೆಂಬರ್ 22ರಂದು, ಸಾವ್ರೀಯ ಮನೆಯಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಟಾಮ್ ಸ್ಟೋರಿ ಹಿಲ್ ಟಾಪ್ ಮೇಲಿನ ನೆಲದಲ್ಲಿ ಚೆಲ್ಲಿದರು. ಎಲ್ಲಿ ಎಂದು ಯಾರಿಗೂ ಹೇಳಕೂಡದು ಎನ್ನುವುದು ಆಕೆಯ ಅಪ್ಪಣೆ. ಎಷ್ಟು ಜನ ಕೇಳಿದರೂ ಟಾಮ್ ಹೇಳಲಿಲ್ಲ.

4,000ಕ್ಕೂ ಹೆಚ್ಚು ಎಕರೆ, ಒಂದು ಡಜನ್ನಿಗೂ ಮಿಕ್ಕಿ ಫಾರ್ಮ್‌ಗಳು, ಮನೆಗಳು, ಮಂದೆಗಳು ಟ್ರಸ್ಟಿಗೆ ಹೋದವು. ಉಯಿಲಿನಲ್ಲಿ ಒಂದು ಷರತ್ತು ಇತ್ತು: ಬೆಟ್ಟದ ಫಾರ್ಮ್‌ಗಳಲ್ಲಿ ಫಾರ್ಮಿಗೇ ಸೇರಿದ ಮಂದೆ ಶುದ್ಧ ಹರ್ಡ್‌ವಿಕ್ ಆಗಿಯೇ ಇರಬೇಕು. ಅಲ್ಲಿ ಗೇಣಿದಾರ ಬದಲಾದರೂ ಮಂದೆ ಜಾಗ ಬಿಟ್ಟು ಹೋಗುವುದಿಲ್ಲ. ಅದರ ಕಾರಣವನ್ನು ಅಕ್ಕನ ಪಕ್ಕ ಗೋಡೆಗೆ ಒರಗಿ ನಿಂತಾಗ ಕಣ್ಣಾರೆ ಕಂಡೆ. ಮೇಲಿನ ಬೆಟ್ಟ ನಮ್ಮ ಗೋಮಾಳದ ಹಾಗೆ, ಬೇಲಿ ಇಲ್ಲ, ಹಲವು ಮಂದೆಗಳು ಮೇಯುತ್ತವೆ. ಆದರೂ ಬೆರೆಯುವುದಿಲ್ಲ. ತನ್ನ ಮಂದೆಯ ನೆಲ ಎಲ್ಲಿಂದ ಎಲ್ಲಿಯವರೆಗೆ ಎಂದು ತಾಯಿಕುರಿಗೆ ಗೊತ್ತು. ಅವಳ ಬೆನ್ನಿಗೆ ಅಂಟಿಕೊಂಡು ಮೇಯುವ ಕಪ್ಪು ಮರಿ ಒಂದು ಬೇಸಿಗೆಯಲ್ಲಿ ಅದನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ನಾವು ನೋಡುತ್ತಿದ್ದಾಗ ಒಂದು ಮರಿ ಕುಣಿಯುತ್ತ ಕಲ್ಲುರಾಶಿಯೊಂದರ ತನಕ ಓಡಿತು, ಅಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿತು. ತಾಯಿ ತಲೆ ಎತ್ತದೆ ಒಮ್ಮೆ ಕೂಗಿದಳು. ಮರಿ ವಾಪಸು ಬಂತು.